ಹೊಗೆ ಬಿಡದ ಕಸದ ಗಾಡಿ

ಭಾರತ ದೇಶದಲ್ಲಿ ಒಂದು ಹನಿ ಡೀಸೆಲ್ ಸುಡದೆ ಇಡೀ ಒಂದು ಊರಿನ ಕಸ ಸಾಗಿಸಿದ ಮೊಟ್ಟಮೊದಲ ಡ್ರೈವರ್ ನಾನು. ಅದಕ್ಕಾಗಿ ದಿಲ್ಲಿಯಿಂದ ಮಂತ್ರಿಯೊಬ್ಬರು ಬಂದು ನನ್ನ ಕೊರಳಿಗೆ ಹಾರ ಹಾಕಿ ಹೋಗಿದ್ದಾರೆ. ಇದು ಸುಳ್ಳು. ಮಂತ್ರಿ ಬಂದಿಲ್ಲ. ಹಾರ ಬಂದಿತ್ತು, ಅದನ್ನು ಗಾಡಿಗೆ ಹಾಕಿದರು. ಡೀಸೆಲ್ ಸುಡದ ಮಾತು ಮಾತ್ರ ಕಾಗದದ ಪ್ರಕಾರ ಖರೆ, ಮತ್ತು ಪುರಸಭೆಯಲ್ಲಿ ಕಾಗದಕ್ಕಿಂತ ದೊಡ್ಡ ಖರೆ ಇನ್ನೊಂದಿಲ್ಲ.

ನನ್ನ ಹೆಸರು ಹುಚ್ಚೀರಪ್ಪ. ಊರಿನ ಹೆಸರು ನೀವು ಹೊರಗೆ ಹೇಳುವಂತಿಲ್ಲ. ಗಂಗಾವತಿಯವರನ್ನು ಕೇಳಿದರೆ ಕುಷ್ಟಗಿ ಕಡೆ ಅನ್ನುತ್ತಾರೆ, ಕುಷ್ಟಗಿಯವರು ಯಲಬುರ್ಗಾ ಕಡೆ ಕೈ ತೋರಿಸುತ್ತಾರೆ, ಯಲಬುರ್ಗಾದವರು ‘ನಮಗ್ಯಾಕ್ರೀ ಆ ಉಸಾಬರಿ’ ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಥ ಊರು. ಗುಡ್ಡದ ನೆತ್ತಿಯ ಮೇಲೆ ಪುರಸಭೆ ಕಚೇರಿ, ಇಳಿಜಾರಿನುದ್ದಕ್ಕೂ ಮನೆಗಳು, ಎಲ್ಲಕ್ಕಿಂತ ಕೆಳಗೆ ಕಸ ಸುರಿಯುವ ಮೈದಾನ. ಆಡಳಿತ ಮೇಲೆ, ಜನ ನಡುವೆ, ಕಸ ಕೆಳಗೆ. ಹಿರಿಯರು ವಿಚಾರ ಮಾಡಿಯೇ ಕಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ‘ಪುರಸಭೆಯ ವಾಹನಗಳ ಇಂಧನ ಬಳಕೆಯನ್ನೂ ಹೊಗೆಯನ್ನೂ ಈ ಸಾಲಿನಲ್ಲಿಯೇ ಕಾಲುಭಾಗ ಕಡಿಮೆಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟವರನ್ನೇ ಹೊಣೆಗಾರರನ್ನಾಗಿಸಲಾಗುವುದು.’ ಸಂಬಂಧಪಟ್ಟವರು ಯಾರು ಎಂದು ಕಚೇರಿಯಲ್ಲಿ ಹುಡುಕಾಟ ನಡೆಯಿತು. ಯಾರೂ ಸಿಗದ ಕಾರಣ ಸಭೆ ಕರೆದರು.

ನಮ್ಮ ಪುರಸಭೆಯ ವಾಹನ ಬಲ ಹೀಗಿದೆ. ಮುಖ್ಯಾಧಿಕಾರಿ ಕಾಶಿನಾಥ ಸಾಹೇಬರ ಜೀಪು. ನಾನು ಓಡಿಸುವ ಕಸದ ಗಾಡಿ. ಒಂದು ನೀರಿನ ಟ್ಯಾಂಕರ್. ಅದು ಕಲ್ಲಿನ ಮೇಲೆ ನಿಂತಿದೆ, ಅದರ ಗಾಲಿಗಳು ಯಾರದೋ ಹೊಲದಲ್ಲಿ ತಿರುಗುತ್ತಿವೆ. ಟ್ಯಾಂಕರ್ ಹೊಗೆ ಬಿಡುವುದಿಲ್ಲವೆಂದು ಸಭೆಯು ಅದನ್ನು ಮೊದಲಿಗೇ ಶ್ಲಾಘಿಸಿತು.

ಸಾಹೇಬರು ಗಂಟಲು ಸರಿಪಡಿಸಿಕೊಂಡರು. “ಜೀಪಿನ ಮಾತು ಬಿಡ್ರಿ. ಜೀಪಿನ ಹೊಗಿ ಆಡಳಿತಾತ್ಮಕ ಹೊಗಿ. ಅದನ್ನ ಕಡಿಮಿ ಮಾಡಿದ್ರ ಆಡಳಿತಾನ ಕಡಿಮಿ ಆಗತೈತಿ.”

ಎಲ್ಲರೂ ತಲೆ ಆಡಿಸಿದರು. ಸಾಹೇಬರು ಹತ್ತುವ ಹೊತ್ತಿಗೆ ತಂಪಾಗಿರಲೆಂದು ಜೀಪು ಹೊರಗೆ ಮುಂಜಾನೆಯಿಂದ ಎ.ಸಿ. ಹಚ್ಚಿಕೊಂಡು ಗುರುಗುಡುತ್ತಿತ್ತು.

ಅಲ್ಲಿಗೆ ಇಡೀ ಊರಿನ ಹೊಗೆ ನನ್ನೊಬ್ಬನ ಕೊರಳಿಗೆ ಬಂತು. ನನಗೊಂದು ಕೆಟ್ಟ ಚಾಳಿ. ತಲೆ ಹೊರಡುವ ಮೊದಲೇ ಬಾಯಿ ಊರು ಮುಟ್ಟಿರುತ್ತದೆ. ಎದ್ದು ನಿಂತು ಹೇಳಿದೆ: “ಸಾಹೇಬ್ರ, ಗಾಡಿ ಓಡಿದ್ರನ ಡೀಸೆಲ್ ಸುಡೂದು. ಗಾಡಿ ಇಲ್ಲೇ ನಿಂದರಲಿ. ಕಸಾನ ನಡಕೋತ ಬರಲಿ ಬಿಡ್ರಿ.”

ಸಭೆ ನಗುತ್ತದೆ ಎಂದು ಕಾಯ್ದೆ. ಯಾರೂ ನಗಲಿಲ್ಲ. ಹೊರಗುತ್ತಿಗೆ ನೌಕರನಿಗೆ ಚಾಷ್ಟಿ ಮಾಡುವ ಅಧಿಕಾರ ಇಲ್ಲವಾದ್ದರಿಂದ ನಾನು ಹೇಳಿದ್ದು ಸಲಹೆ ಎಂದು ದಾಖಲಾಯಿತು. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇದನ್ನ ಬರಕೊಳ್ರಿ” ಅಂದರು.

ಗಾಡಿಯ ಹಿಂದೆ ನಿಂತು ಕಸ ತುಂಬುವ ಪಕ್ಕೀರವ್ವ ಹೊರಗೆ ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಯಪ್ಪಾ, ಮದಲ ನಿನ್ನ ಬಾಯಿಗೊಂದು ಬ್ರೇಕ್ ಹಾಕಿಸ್ಕೋ. ಗಾಡಿದಂತೂ ಹಿಡಿಯಂಗಿಲ್ಲ.”

ಮರುದಿನ ಡಂಗುರ ಸಾರಿದರು. ‘ಸಾರ್ವಜನಿಕರ ಗಮನಕ್ಕೆ. ಮನೆಬಾಗಿಲಿಗೆ ಗಾಡಿ ಎಂಬ ಸೇವೆಯನ್ನು ಮೇಲ್ದರ್ಜೆಗೇರಿಸಿ, ಗಾಡಿಯ ಬಾಗಿಲಿಗೆ ಮನೆ ಎಂಬ ಸೇವೆಯನ್ನಾಗಿ ಮಾರ್ಪಡಿಸಲಾಗಿದೆ. ಗಾಡಿಯು ಕಚೇರಿಯ ಮುಂದೆ ಖಾಯಂ ನಿಲ್ಲುವುದು. ನಾಗರಿಕರು ತಮ್ಮ ಕಸವನ್ನು ತಾವೇ ತರತಕ್ಕದ್ದು. ಗಾಡಿ ತುಂಬಿದ ನಂತರ ಪಕ್ಕದಲ್ಲಿ ಹಾಕುವುದು. ಪಕ್ಕವನ್ನೂ ಗಾಡಿಯೆಂದೇ ಪರಿಗಣಿಸತಕ್ಕದ್ದು. ಯಾವ ಕಾರಣಕ್ಕೂ ಎಂಜಿನ್ ಚಾಲೂ ಮಾಡತಕ್ಕದ್ದಲ್ಲ.’ ಗಾಡಿಯ ಚಾವಿಗೆ ಅರಗಿನ ಮುದ್ರೆ ಒತ್ತಿ ಸಾಹೇಬರ ಕಪಾಟಿನಲ್ಲಿ ಇಟ್ಟರು.

ಜನ ಬಂದರು. ಒಂದು ಬಕೆಟ್ಟಿಗೆ ಒಂದು ಬೈಕು. ಗುಡ್ಡ ಏರಲು ಎಲ್ಲರಿಗೂ ಮೊದಲ ಗೇರೇ ಬೇಕು. ಹಳೆಯ ಲೂನಾಗಳು, ಸ್ಕೂಟಿಗಳು, ಮೂರು ಮನೆಯ ಕಸ ಸೇರಿಸಿ ಬಾಡಿಗೆ ಹಿಡಿದ ಆಟೋಗಳು. ಕಚೇರಿಯ ಮುಂದೆ ಹೊಗೆ ಎಷ್ಟು ದಟ್ಟವಾಯಿತೆಂದರೆ ಜನ ಹಾರ್ನ್ ಹೊಡೆದು ಗಾಡಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು.

ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಬಜಿ ಅಂಗಡಿ ಇಟ್ಟಿರುವ ಮೆಹರುನಬಿ ಒಂದು ದಿನ ಅಲ್ಲಿಯೇ ತಡೆದು ನಿಂತಳು. “ಏನೋ ಹುಚ್ಚೀರಪ್ಪ, ಮದಲ ನಿನ್ನದೊಂದ ಗಾಡಿ ಕೆಳಗ ಬರತಿತ್ತು. ಈಗ ಊರಾನ ಗಾಡಿ ಎಲ್ಲಾ ಮ್ಯಾಲ ಬಂದಾವು. ಹೊಗಿ ಕಡಿಮಿ ಆತೋ, ಹೆಚ್ಚಾತೋ?”

ಉತ್ತರ ಸಾಹೇಬರೇ ಕಿಟಕಿಯಿಂದ ಕೊಟ್ಟರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು. “ಅಮ್ಮಾ, ಅದು ನಿಮ್ಮ ಹೊಗಿ. ಪುರಸಭೆ ಹೊಗಿ ಅಲ್ಲ.”

“ಮತ್ತ ಈ ಕೆಮ್ಮ?”

“ಕೆಮ್ಮು ಆರೋಗ್ಯ ಇಲಾಖೆಗೆ ಬರತೈತಿ.”

ಮೆಹರುನಬಿ ಬಕೆಟ್ ಬೋರಲು ಹಾಕಿ, ಪಕ್ಕವೆಂಬ ಗಾಡಿಗೆ ಕಸ ತುಂಬಿ ಹೋದಳು.

ಡೀಸೆಲ್ ಲೆಕ್ಕ ಸೊನ್ನೆ ಬಂತು. ಕಾಲುಭಾಗ ಕೇಳಿದವರಿಗೆ ಪೂರ್ತಿ ಕೊಟ್ಟ ಪುರಸಭೆ ಎಂದು ಮೇಲಿನವರು ಮೆಚ್ಚಿದರು. ಆಗಲೇ ಆ ಹಾರ ಬಂದದ್ದು, ಗಾಡಿಯ ಕನ್ನಡಿಗೆ ಬಿದ್ದದ್ದು. ನಾನು ಪಕ್ಕದಲ್ಲಿ ನಿಂತು ಕೊರಳು ಉದ್ದ ಮಾಡಿ ನೋಡಿದೆ, ಹೂವಿನ ವಾಸನೆ ಬಂತು. ಅಷ್ಟಕ್ಕೇ ತೃಪ್ತನಾದೆ.

ಹಾರ ಒಣಗುವ ಮೊದಲೇ ನನ್ನ ಹೆಸರಿಗೆ ಒಂದು ಆದೇಶ ಬಂತು. ‘ಚಲಿಸದ ವಾಹನಕ್ಕೆ ಚಾಲಕನ ಅವಶ್ಯಕತೆ ಕಂಡುಬರುವುದಿಲ್ಲ. ಆದ್ದರಿಂದ ಹೊರಗುತ್ತಿಗೆ ಚಾಲಕ ಹುಚ್ಚೀರಪ್ಪ ಇವರನ್ನು ಆಯುಧಪೂಜೆಯ ಮರುದಿನದಿಂದ ಸೇವೆಯಿಂದ ಬಿಡುಗಡೆಗೊಳಿಸಿದೆ. ಇಂಧನ ಉಳಿತಾಯದ ಮೂಲ ಸಲಹೆ ನೀಡಿದ್ದಕ್ಕಾಗಿ ಇವರನ್ನು ಅಭಿನಂದಿಸಿದೆ.’

ಮನೆಯಲ್ಲಿ ಹೆಂಡತಿ ಕಳಕಮ್ಮ ಆದೇಶವನ್ನು ಓದಿಸಿ ಕೇಳಿದಳು. ಅಭಿನಂದನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. “ಮಂದಿ ಗಂಡಂದ್ರು ಕುಡುದು ನೌಕರಿ ಕಳಕೋತಾರ. ನೀ ಚಾಷ್ಟಿ ಮಾಡಿ ಕಳಕೊಂಡಿ. ನಾಕ ಮಂದ್ಯಾಗ ಏನಂತ ಹೇಳ್ಲಿ ನಾನು? ಈ ವಯಸ್ಸಿಗೆ ನಿನಗ ಯಾರು ಗಾಡಿ ಕೊಡ್ತಾರ?”

ಅದಕ್ಕೆ ನನ್ನ ಹತ್ತಿರ ಒಂದು ನಗೆಮಾತು ಇತ್ತು. ಹೇಳಲಿಲ್ಲ. ಅಷ್ಟರಮಟ್ಟಿಗೆ ನಾನು ಹೆದರಿದ್ದೆ ಅಂತ ತಿಳಕೊಳ್ರಿ. ಸ್ಟೇರಿಂಗ್ ಬಿಟ್ಟರೆ ಈ ಕೈಗಳಿಗೆ ಬರುವ ಇನ್ನೊಂದು ಕೆಲಸವೆಂದರೆ ಇಸ್ಪೀಟು, ಅದರಲ್ಲೂ ನಾನು ಸೋಲುತ್ತೇನೆ.

ಸಾಹೇಬರನ್ನು ಕಾಣಲು ಹೋದೆ. ಅವರು ನಿಂತ ಜೀಪಿನೊಳಗೆ ಎ.ಸಿ. ಹಾಕಿಕೊಂಡು ಇಂಧನ ಉಳಿತಾಯದ ಕಡತ ನೋಡುತ್ತಿದ್ದರು.

“ಸಾಹೇಬ್ರ, ನಿಂತ ಗಾಡಿಗೂ ಡ್ರೈವರ್ ಬೇಕ್ರಿ.”

“ಯಾತಕ್ಕ?”

“ಅದು ಹೊರಡದಂಗ ನೋಡಿಕೊಳ್ಳಾಕ್ರಿ.”

ಸಾಹೇಬರು ಯೋಚಿಸಿದರು. “ಛಲೋ ಹೇಳಿದಿ. ಆದ್ರ ಅದು ಕಾವಲುಗಾರನ ಹುದ್ದೆ ಆಗತೈತಿ. ಕಾವಲುಗಾರಗ ಲೈಸೆನ್ಸ್ ಇರಬಾರದು ಅಂತಿಲ್ಲ, ಇರಬೇಕು ಅಂತನೂ ಇಲ್ಲ. ನಿನ್ನ ಹತ್ರ ಐತಿ. ಇದನ್ನ ಎಲ್ಲಿ ಕೂಡಿಸಲಿ? ತೊಡಕಾಗತೈತಿ. ಬ್ಯಾಡ ಬಿಡು.”

ಗಾಜು ಏರಿಸಿದರು. ತಂಪು ಹೊರಗೆ ಹೋಗುತ್ತಿತ್ತಲ್ಲ, ಉಳಿತಾಯ.

ಆಯುಧಪೂಜೆ ಬಂತು. ಗಾಡಿಯಲ್ಲಿ ತುಂಬಿದ್ದ ಕಸವನ್ನೂ ಪಕ್ಕಕ್ಕೆ ಸುರಿದು, ಗಾಡಿ ತೊಳೆದು, ಚೆಂಡು ಹೂವು ಕಟ್ಟಿ, ವಿಭೂತಿ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ನಾಲ್ಕೂ ಗಾಲಿಯ ಮುಂದೆ ಪಕ್ಕೀರವ್ವ ಲಿಂಬಿಹಣ್ಣು ಇಟ್ಟಳು. ಜೀಪು ಆಡಳಿತಾತ್ಮಕವಾಗಿ ತನ್ನ ಲಿಂಬಿಹಣ್ಣು ಒಡೆದು ಮುಗಿಸಿತ್ತು. ಇನ್ನು ಕಸದ ಗಾಡಿ. ಗಾಡಿ ಮುಂದೆ ಹೋದರೆ ತಾನೆ ಹಣ್ಣು ಒಡೆಯುವುದು? ಚಾವಿ ಅರಗಿನಲ್ಲಿದೆ, ಎಂಜಿನ್ ಚಾಲೂ ಮಾಡಿದರೆ ಸೊನ್ನೆ ಹೋಗುತ್ತದೆ.

“ಹಣ್ಣ ಒಡಿಲಿಲ್ಲಂದ್ರ ವರ್ಷಾವಧಿ ಗಂಡಾಂತರ” ಎಂದಳು ಪಕ್ಕೀರವ್ವ.

ಹಣ್ಣನ್ನೇ ಎತ್ತಿ ಗಾಲಿಗೆ ಕುಟ್ಟಿದರೆ ಹೇಗೆ ಎಂದು ಗುಮಾಸ್ತರೊಬ್ಬರು ಕೇಳಿದರು. ಸಾಹೇಬರು ಒಪ್ಪಲಿಲ್ಲ. “ಹಣ್ಣಿನ ಮ್ಯಾಲ ಗಾಡಿ ಹೋಗಬೇಕು. ಗಾಡಿ ಮ್ಯಾಲ ಹಣ್ಣು ಹೋಗಬಾರದು. ಸಂಪ್ರದಾಯಕ್ಕ ತಿದ್ದುಪಡಿ ತರಾಕ ನಮಗ ಅಧಿಕಾರ ಇಲ್ಲ.” ಕೊನೆಗೆ ಸ್ಥಳದಲ್ಲಿಯೇ ಆದೇಶವಾಯಿತು: ಮನುಷ್ಯರ ಬಲ ಇಂಧನದ ವ್ಯಾಖ್ಯೆಯಲ್ಲಿ ಬರುವುದಿಲ್ಲವಾದ್ದರಿಂದ ಸಿಬ್ಬಂದಿಯೆಲ್ಲ ಸೇರಿ ಗಾಡಿಯನ್ನು ಒಂದು ಗೇಣು ನೂಕತಕ್ಕದ್ದು. ಸ್ಟೇರಿಂಗ್ ಹಿಡಿಯಲು ಒಬ್ಬ ಬೇಕು. ನನ್ನ ನೌಕರಿಯ ಕೊನೆಯ ದಿನ. ಹತ್ತಿ ಕುಳಿತೆ.

“ನೂಕ್ರಿ!”

ಲಿಂಬಿಹಣ್ಣು ಪಟ್ ಪಟ್ ಎಂದು ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲು ಗಾಡಿ ಬಿಟ್ಟರು. ಗಾಡಿ ನಿಲ್ಲಲಿಲ್ಲ.

ಹಣ್ಣು ಒಡೆದ ಕೂಡಲೇ ಎಳೆದ ಹ್ಯಾಂಡ್‌ಬ್ರೇಕ್ ತಾನಾಗಿಯೇ ಸಡಿಲಾಯಿತು ಎಂದು ವಿಚಾರಣೆಯಲ್ಲಿ ಲಿಖಿತವಾಗಿ ಹೇಳಿದ್ದೇನೆ. ನಿಮಗೊಂದು, ಸರಕಾರಕ್ಕೊಂದು ಹೇಳುವುದು ಸರಿಯಲ್ಲ. ಅವರು ಮತ್ತೆ ಕೇಳಲಿಲ್ಲ, ನೀವೂ ಕೇಳಬ್ಯಾಡ್ರಿ.

ಇಷ್ಟು ಮಾತ್ರ ಹೇಳುತ್ತೇನೆ: ಎಂಜಿನ್ ಸದ್ದಿಲ್ಲದೆ ಇಳಿಯುವ ಗಾಡಿಯಲ್ಲಿ ಡ್ರೈವರನ ಎದೆಯ ಸದ್ದು ಛಲೋ ಕೇಳಿಸುತ್ತದೆ. ಎರಡೂ ಕಾಲು ಬ್ರೇಕಿನ ಮೇಲೆ ಊರಿ ನಿಂತೇಬಿಟ್ಟಿದ್ದೆ. ಅದು ಹಿಡಿದಷ್ಟು ಹಿಡಿಯುತ್ತಿತ್ತು. ಬ್ಯಾಟರಿ ಸತ್ತು ಹಾರ್ನ್ ಇರಲಿಲ್ಲ, ಬಾಯಿಂದಲೇ ಪೋಂ ಪೋಂ ಅನ್ನುತ್ತಿದ್ದೆ. ನಡುನಡುವೆ ಅಂಜನಾದ್ರಿ ಹನುಮಪ್ಪನಿಗೆ ಹರಕೆ. ‘ಅಷ್ಟೂ ಮೆಟ್ಟಿಲ ಏರಿ ಬರತೇನಪ್ಪಾ, ಇವತ್ತು ಇಳಿಯೂದೊಂದು ನೀ ನೋಡಿಕೋ.’ ಹಿಂದೆ ಪಕ್ಕೀರವ್ವ ಸೀರೆ ಎತ್ತಿ ಕಟ್ಟಿ “ಹಿಡೀರ್ಯೋ, ನಮ್ಮ ಡ್ರೈವರ್ ಹೊಂಟ!” ಎಂದು ಓಡಿ ಬರುತ್ತಿದ್ದಳು.

ಜನ ಅದನ್ನು ಬೇರೆ ರೀತಿ ತಿಳಿದರು. ಎಷ್ಟೋ ತಿಂಗಳ ಮೇಲೆ ಗಾಡಿ ಮನೆಯ ಮುಂದೆ ಬಂದಿದೆ, ಅದೂ ಹೂವು ಕಟ್ಟಿಕೊಂಡು! ಕಟ್ಟೆಯ ಮೇಲಿನಿಂದ, ಮಾಳಿಗೆಯಿಂದ, ಹಬ್ಬದ ಬಾಳೆ ಎಲೆ, ಕುಂಬಳಕಾಯಿ ಸಿಪ್ಪೆ, ಮೂಟೆ ಕಟ್ಟಿಟ್ಟ ಹಳೆಯ ಕಸ, ಎಲ್ಲ ಬಂದು ಬಿದ್ದವು. ಅರ್ಧ ಗಾಡಿಗೆ, ಅರ್ಧ ನನಗೆ. ನಿಲ್ಲಿಸಲಾಗುವುದಿಲ್ಲ ಎಂದು ನಾನು ಕೂಗಿದೆ. “ನಿಲ್ಲಸಬ್ಯಾಡೋ, ನಿಲ್ಲಿಸಿದ್ರ ಮತ್ತ ಖಾಯಂ ನಿಂತಗಿಂತೀಯ!” ಎಂದು ಮೆಹರುನಬಿ ಕರಿದ ಎಣ್ಣೆಯ ಡಬ್ಬಿ ಬೀಸಿ ಒಗೆದಳು.

ಗಾಡಿ ಮೈದಾನಕ್ಕೆ ಬಂದು, ಹಳೆಯ ಕಸದ ಗುಡ್ಡೆಗೆ ಮೂಗು ತೂರಿಸಿ, ಬಸವಣ್ಣನಂತೆ ಕುಳಿತಿತು. ಹಿಂದೆಯೇ ಜೀಪು ಬಂತು. ಸಾಹೇಬರು ಇಳಿದರು, ಮುಖ ಕೆಂಪಗಿತ್ತು.

“ಯಾಂವ ಚಾಲೂ ಮಾಡಿದ್ದು ಗಾಡಿ?”

“ಯಾರೂ ಇಲ್ರಿ. ಚಾವಿ ನಿಮ್ಮ ಕಪಾಟಿನ್ಯಾಗ ಐತಿ.”

“ಡೀಸೆಲ್?”

“ಹನಿ ಇಲ್ರಿ.”

“ಈ ಕಸ?”

“ಮನಿಮನಿದು ಐತ್ರಿ.” ತಲೆಯ ಮೇಲಿದ್ದ ಬಾಳೆ ಎಲೆ ತೆಗೆದು ತೋರಿಸಿದೆ.

ಸಾಹೇಬರು ತುಂಬಿದ ಗಾಡಿಯನ್ನು ನೋಡಿದರು. ಮೇಲೆ ಗುಡ್ಡವನ್ನು ನೋಡಿದರು. ಕನ್ನಡಕ ತೆಗೆದರು. “ಇದನ್ನ ಬರಕೊಳ್ರಿ.”

ಹೀಗೆ ನಮ್ಮ ಪುರಸಭೆಯಲ್ಲಿ ‘ಗುರುತ್ವಾಕರ್ಷಣ ಬಲಾಧಾರಿತ ಘನತ್ಯಾಜ್ಯ ಸಾಗಾಣಿಕೆ’ ಜಾರಿಗೆ ಬಂತು. ಗಾಡಿ ದಿನಾ ಒಮ್ಮೆ ಇಳಿಯತಕ್ಕದ್ದು, ನಾಗರಿಕರು ಗುರಿ ಇಟ್ಟು ಒಗೆಯತಕ್ಕದ್ದು. ಗುರಿ ತಪ್ಪಿದ ಕಸ ಒಗೆದವರದೇ. ಇಳಿಯುವ ಗಾಡಿಗೆ ಚಾಲಕ ಬೇಕೇಬೇಕಾದ್ದರಿಂದ ನನ್ನ ಬಿಡುಗಡೆಯನ್ನು ರದ್ದುಪಡಿಸಿ, ಇಳಿಜಾರು ಚಾಲಕ ಎಂಬ ಹೊಸ ಹುದ್ದೆ ನಿರ್ಮಿಸಿದರು. ಕಳಕಮ್ಮ ಆ ಆದೇಶವನ್ನೂ ಓದಿಸಿ ಕೇಳಿ, “ಅಭಿನಂದನೆ ಗಿಭಿನಂದನೆ ಇಲ್ಲಲ್ಲ?” ಎಂದು ಖಾತ್ರಿ ಮಾಡಿಕೊಂಡಳು.

ಇಳಿದ ಗಾಡಿ ಏರುವುದು ಹೇಗೆ ಎಂದು ನೀವು ಕೇಳುತ್ತೀರಿ. ಊರಲ್ಲಿ ಯಾರೂ ಕೇಳಲಿಲ್ಲ. ಪುರಸಭೆ ಸದಸ್ಯರೊಬ್ಬರ ಅಳಿಯ ಪಂಪಣ್ಣನ ಟ್ರ್ಯಾಕ್ಟರ್ ದಿನಾ ಸಂಜೆ ಎಳೆದು ಮೇಲೆ ತರುತ್ತದೆ. ಅದು ಬಿಡುವ ಹೊಗೆಗೆ ಗುಡ್ಡದ ಮೇಲಿನ ಕೋತಿಗಳು ಬೇರೆ ಗುಡ್ಡಕ್ಕೆ ಹೋಗಿವೆ. ಆದರೆ ಟ್ರ್ಯಾಕ್ಟರ್ ಪುರಸಭೆಯದಲ್ಲ, ಹೊಗೆಯೂ ಪುರಸಭೆಯದಲ್ಲ. ಮೊದಲ ಸಲ ಎಳೆದದ್ದು ಹಬ್ಬದ ದಿನವಾದ್ದರಿಂದ ಖರ್ಚನ್ನು ಆಯುಧಪೂಜೆಗೆ ಬರೆದರು. ದಿನಾ ಎಳೆಯುವುದರಿಂದ ನಮ್ಮಲ್ಲಿ ದಿನಾ ಆಯುಧಪೂಜೆ. ಲಿಂಬಿಹಣ್ಣಿನ ಟೆಂಡರೂ ಪಂಪಣ್ಣನಿಗೇ ಆಗಿದೆ.

ಊರಿನ ಹೆಂಗಸರ ಗುರಿ ಈಗ ಭಾಳ ಸುಧಾರಿಸಿದೆ. ನೋಡಿ ಕಲಿಯಲು ಹೊರಗಿನವರು ಬರುತ್ತಾರೆ. ಭತ್ತದ ಬಯಲಿನ ಕಡೆಯವರು ತಮ್ಮಲ್ಲಿ ಇಳಿಜಾರಿಲ್ಲವೆಂದು ಒಂದು ಗುಡ್ಡಕ್ಕೆ ಅರ್ಜಿ ಹಾಕಿದ್ದಾರೆ. ಮಂಜೂರಾಗುವ ಹಂತದಲ್ಲಿದೆ, ಗುಡ್ಡದ ಮಣ್ಣು ಯಾರು ಹೊಡೆಯಬೇಕು ಎಂಬುದಷ್ಟೇ ಬಾಕಿ. ಪಂಪಣ್ಣನ ಹತ್ತಿರ ಟ್ರ್ಯಾಕ್ಟರ್ ಇದೆ.

ಅಗೋ, ಪಕ್ಕೀರವ್ವ ಹಣ್ಣು ಇಟ್ಟಳು, ನನ್ನನ್ನು ಕರೆಯುತ್ತಿದ್ದಾಳೆ. ನಾ ಹೊಂಟೆ. ಗಾಡಿ ಈ ಹೋಟೆಲ್ ಮುಂದೆಯೇ ಹಾಯುತ್ತದೆ, ಖರೆ. ಆದರೆ ನಡುವೆ ನಿಂತರೆ ಮತ್ತೆ ಹೊರಡುವುದಿಲ್ಲ, ನಿಲ್ಲಿಸಿ ರೊಕ್ಕ ಕೊಡಲು ನಿಯಮದಲ್ಲಿ ಅವಕಾಶವೇ ಇಲ್ಲ. ಹಂಗಾಗಿ ಈ ಚಹಾದ್ದು ನೀವ ಕೊಟ್ಟುಬಿಡ್ರಿ. ನೀವು ಬರೂಕ್ಕಿಂತ ಮುಂಚೆ ಕುಡಿದದ್ದೂ ಒಂದೈತಿ, ಅದನ್ನೂ ಸೇರಿಸ್ರಿ.