ಕರೆಯದ ಮನೆಗೆ ಹೋದ ರೊಟ್ಟಿ

ಬಾಗಿಲು ಹಾಕಿ ಅಗಳಿ ಜಡಿದರೂ ಒಳಗೆ ಬಂದು ಕೂಡುವ ನೆಂಟರು ಈಗ ಹುಟ್ಟಿದ್ದಾರೆ. ಅವರು ಇಮೇಲಿನಲ್ಲಿ ಬರುತ್ತಾರೆ. ವಾರಕ್ಕೊಂದಾದರೂ ಫಜೀತಿ ಮಾಡದೆ ನನ್ನನ್ನು ಬಿಡುವುದಿಲ್ಲ.

ಶಿಗ್ಗಾಂವದಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಹೆದ್ದಾರಿ ಬಸ್ಸುಗಳ ಕಿಟಕಿಗೆ ಬುಟ್ಟಿ ಎತ್ತಿ ಹಿಡಿದು ಕಟ್ಟಿದ್ದು ಅದು. ಯಾರೂ ಕೈಹಿಡಿದು ನಡೆಸಲಿಲ್ಲ. ಓದು ಕಲಿತದ್ದೂ ಬಸ್ಸಿನ ಬೋರ್ಡು ನೋಡಿಯೇ. ಹುಬ್ಬಳ್ಳಿಯ ಮೊದಲಕ್ಷರವೂ ಹಾವೇರಿಯ ಮೊದಲಕ್ಷರವೂ ಒಂದೇ ತಾಯಿಯ ಮಕ್ಕಳು ಎಂದು ಹೊಳೆದ ದಿನ ಬೋರ್ಡು ನೋಡುತ್ತ ನಿಂತು ಎರಡು ಬಸ್ಸಿನ ವ್ಯಾಪಾರ ಕಳೆದುಕೊಂಡೆ. ಈಗ ನನ್ನಲ್ಲಿ ಆರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಅರ್ಧಕ್ಕರ್ಧ ರೊಟ್ಟಿ ಹಾನಗಲ್ಲಿನ ಒಂದು ಹಾಸ್ಟೆಲ್ಲಿಗೆ ಹೋಗುತ್ತದೆ. ಪ್ಯಾಕೆಟ್ಟಿನ ಮೇಲೆ ನನ್ನ ಹೆಸರಿರುತ್ತದೆ. ಆ ಹೆಸರು ಕೆಟ್ಟರೆ ಹಾಸ್ಟೆಲ್ಲು ಹೋಯಿತು, ಹಾಸ್ಟೆಲ್ಲು ಹೋದರೆ ಮೂರು ಒಲೆ ಆರಿದವು. ಇಷ್ಟು ಗೊತ್ತಿದ್ದೂ ನಾನು ಏನು ಮಾಡಿದೆ ಎನ್ನುವುದೇ ಮುಂದಿನ ಕಥೆ.

ಉತ್ತರ ಕೊಡುವ ಚಟ

ಆರ್ಡರ್ ತೊಗೊಳ್ಳಲಿಕ್ಕೆಂದು ಇಮೇಲ್ ಮಾಡಿಸಿಕೊಂಡಾಗ ಮೊದಲು ಬಂದ ಪತ್ರ ಕೂದಲು ಬೆಳೆಯುವ ಎಣ್ಣೆಯದು. 'ಪ್ರಿಯ ಗೆಳತಿ' ಎಂದು ಶುರುವಾಗಿತ್ತು. ಬಂದ ಪತ್ರಕ್ಕೆ ಉತ್ತರ ಕೊಡದಿದ್ದರೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ ಎಂದು ತಿಳಿದವಳು ನಾನು. ಒಂದೊಂದೇ ಅಕ್ಷರ ಒತ್ತಿ ಬರೆದೆ: 'ನನಗೆ ಕೂದಲು ಬೇಕಾದಷ್ಟಿವೆ. ಎಣ್ಣೆ ಬೇಡ. ನೀವು, ಮನೆಯವರೆಲ್ಲ ಆರಾಮ ಇದ್ದೀರೇನು?'

ಮರುದಿನ ಹನ್ನೊಂದು ಪತ್ರ ಬಂದವು. ಹನ್ನೊಂದಕ್ಕೂ ಉತ್ತರ ಬರೆದೆ. ಅದರ ಮರುದಿನ ಎಣಿಸುವುದನ್ನೇ ಬಿಟ್ಟೆ.

ಝೆರಾಕ್ಸ್ ಅಂಗಡಿ ನಡೆಸುವ ಹೆಣ್ಣುಮಗಳಿಗೆ ತೋರಿಸಿದರೆ ಆಕೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಅಕ್ಕಾರ, ಉತ್ತರ ಕೊಟ್ರ ಈ ವಿಳಾಸದಾಗ ಮಂದಿ ಅದಾರ ಅಂತ ಅವರಿಗೆ ಗೊತ್ತಾಗತೈತ್ರಿ. ಅದನ್ನೆಲ್ಲ ಕಳಸೂದು ಮಷಿನ್ನು."

"ಹಂಗಾರ ನಾ ಬರದದ್ದು ಓದಾವ್ರು ಯಾರ?"

"ಯಾರೂ ಇಲ್ರಿ."

ಬರೆಯುವವರೂ ಇಲ್ಲ, ಓದುವವರೂ ಇಲ್ಲ. ನಡುವೆ ನಾನೊಬ್ಬಳೇ ಎಂಟು ದಿನ, ಆರಾಮ ಇದ್ದೀರೇನು ಎಂದು ಕೇಳುತ್ತ ಕುಳಿತಿದ್ದೆ.

ಬಹುಮಾನ

ಇವರಿಗೆಲ್ಲ ನನ್ನ ವಿಳಾಸ ಕೊಟ್ಟವರು ಯಾರು? ಹಟ ಹಿಡಿದು ಹುಡುಕಿದೆ. ಸವಣೂರಿನ ಒಂದು ಸೀರೆ ಅಂಗಡಿಯಲ್ಲಿ ಲಕ್ಕಿ ಡ್ರಾ ಎಂದು ಚೀಟಿ ಬರೆಸಿಕೊಂಡಿದ್ದರು. ಹೊಸದಾಗಿ ಬಂದ ಇಮೇಲಿನ ಹೆಮ್ಮೆಗೆ ಅದನ್ನೂ ದಪ್ಪ ಅಕ್ಷರದಲ್ಲಿ ಬರೆದು ಬಂದಿದ್ದೆ. ಬೇರೆ ಎಲ್ಲಿಯೂ ಬರೆದಿರಲಿಲ್ಲ. ಬಸ್ಸು ಹತ್ತಿ ಹೋಗಿ ಅಂಗಡಿಯವನ ಮುಂದೆ ನಿಂತೆ.

"ದಿನಾ ಬಹುಮಾನ ಬಂದೈತಿ ಅಂತ ಪತ್ರ ಬರಾಕತ್ತಾವ. ನನ್ನ ವಿಳಾಸ ಮಾರೀರೇನ್ರಿ?"

"ಛೇ ಛೇ, ಮಾರಿಲ್ರಿ ಅಕ್ಕಾರ. ಪಟ್ಟಿ ಕೇಳಿದ್ರು, ಕೊಟ್ಟೆ. ಸೀರಿ ಸಂಗಾಟ ಕೈಚೀಲ ಕೊಡ್ತೇವಲ್ರಿ, ಹಂಗ."

"ಕೈಚೀಲ ನಿಮ್ಮದ್ರಿ. ವಿಳಾಸ ನಂದು."

ಅವನು ಸೀರೆ ಮಡಚುತ್ತಲೇ ಇದ್ದ. ತಲೆ ಸಹ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಅದಿರ್ಲಿ, ಆ ಡ್ರಾ ಯಾವಾಗ ಎತ್ತವ್ರು? ಬಹುಮಾನ ಎಲ್ಲಿ?"

"ದಿನಾ ಬರಾಕತ್ತಾವಂತ ನೀವ ಹೇಳಿದ್ರೆಲ್ರಿ," ಎಂದ. "ಇನ್ನ ಬ್ಯಾರೆ ಬಹುಮಾನ ಯಾಕ?"

ಟೈ ಕಟ್ಟಿದವರು

ಇಷ್ಟೆಲ್ಲ ಕಂಡವಳು ನಾನು ಬುದ್ಧಿ ಕಲಿತಿರಬೇಕಿತ್ತು.

ಮಷಿನ್ ರೊಟ್ಟಿ ಬಂದು ಪೇಟೆ ಹಿಡಿಯುತ್ತಿದ್ದ ಹೊತ್ತು. ಟೈ ಕಟ್ಟಿಕೊಂಡ ಒಬ್ಬರು ಬಂದರು. ಈ ಭಾಗದ ಸಾವಿರಾರು ವಿಳಾಸ ತಮ್ಮ ಹತ್ತಿರ ಇವೆ, ಒಂದು ಗುಂಡಿ ಒತ್ತಿದರೆ ಎಲ್ಲರ ಮನೆಗೂ ನನ್ನ ರೊಟ್ಟಿಯ ಸುದ್ದಿ ಎಂದರು.

"ಅವರು ಕೇಳ್ಯಾರೇನ್ರಿ, ಸುದ್ದಿ ಕಳಸ್ರಿ ಅಂತ?"

"ಕೇಳಿಲ್ಲ."

"ಕರೀಲಾರದ ಮನಿಗೆ ಹೋಗಾಕಿ ಅಲ್ರಿ ನಾ. ಎದ್ದೇಳ್ರಿ."

ಅವರು ಏಳಲಿಲ್ಲ. ನಗುತ್ತ ಕೇಳಿದರು: "ಅಕ್ಕಾರ, ರೊಟ್ಟಿ ಪಂಚಮಿಗೆ ಓಣಿ ತುಂಬ ರೊಟ್ಟಿ ಬೀರ್ತೀರಿಲ್ಲ? ಅವರೇನ ಕೇಳಿರ್ತಾರೇನ್ರಿ?"

ಪಂಚಮಿಯ ಹಿಂದಿನ ದಿನ ರೊಟ್ಟಿ, ಪಲ್ಯ ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಕೊಡುವುದು ನಮ್ಮ ಪದ್ಧತಿ. ಯಾರೂ ಕೇಳಿರುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ಬುಟ್ಟಿ ಖಾಲಿ ತಿರುಗುವುದಿಲ್ಲ, ಅವರ ಮನೆಯ ರೊಟ್ಟಿ ಅದರಲ್ಲಿ ಬರುತ್ತದೆ. ಕೊಟ್ಟವಳ ಮುಖವೂ ಇಸಿದುಕೊಂಡವಳ ಮುಖವೂ ಒಂದಕ್ಕೊಂದು ಗೊತ್ತಿರುತ್ತದೆ. ಈ ಮಾತು ಆಗ ಬಾಯಿಗೆ ಬಂದಿತ್ತು. ಆಡಲಿಲ್ಲ. ನಾನು ಸೋತದ್ದು ಅವರ ಮಾತಿಗಲ್ಲ, ನನ್ನ ಆಸೆಗೆ.

"ಒಂದ ಸರ್ತಿ ಅಷ್ಟ," ಎಂದೆ.

"ಒಂದ ಸರ್ತಿ ಅಷ್ಟ ಅಕ್ಕಾರ," ಎಂದು ಟೈ ಮುಟ್ಟಿ ಆಣೆ ಮಾಡಿದರು. ನಾಲ್ಕು ದಿನ, ದಿನಕ್ಕೆ ಮೂರು ಸಲ ಕಳಿಸಿದರು. ದೇವರನ್ನು ಮುಟ್ಟಿ ಆಣೆ ಮಾಡಿಸಬೇಕಿತ್ತು.

ಊಟಕ್ಕೆ ಕರೆದವಳು

'ಅಭಿನಂದನೆಗಳು! ನಿಮ್ಮ ರೊಟ್ಟಿ ನಿಮಗಾಗಿ ಕಾಯುತ್ತಿದೆ!' ಎಂಬುದು ಆ ಪತ್ರದ ತಲೆಬರಹ. ಕೆಳಗೆ ನನ್ನ ಹೆಸರು, ನನ್ನ ಫೋನು.

ತಿಳವಳ್ಳಿಯಿಂದ ಒಬ್ಬ ನಿವೃತ್ತ ಮಾಸ್ತರರು ಫೋನು ಮಾಡಿದರು. "ತಂಗಿ, ಮುಂಜಾನಿ ಎದ್ರ ನಿನ್ನ ರೊಟ್ಟಿ, ಮಧ್ಯಾಹ್ನ ನಿನ್ನ ರೊಟ್ಟಿ, ಸಂಜಿಮುಂದ ನಿನ್ನ ರೊಟ್ಟಿ. ಮದುವಿ ಆದಾಗಿಂದ ನನ್ನ ಹೆಂಡ್ತಿ ಇಷ್ಟ ಸರ್ತಿ ಊಟಕ್ಕ ಕರದಿಲ್ಲವ್ವ. ಈಗ ಆಕಿ ಕೇಳಾಕತ್ತಾಳ, ಯಾರದು ಈ ಹೆಂಗಸು ಅಂತ. ಏನ್ ಹೇಳ್ಲಿ?"

ಬಂಕಾಪುರದಿಂದ ಮಾತಾಡಿದ ಹೆಣ್ಣುಮಗಳು ಬೈಯಲಿಲ್ಲ, ಅತ್ತಳು. ಅಭಿನಂದನೆ ಎಂಬುದನ್ನು ನೋಡಿ ತನಗೆ ನೌಕರಿ ಸಿಕ್ಕಿತೆಂದು ಆಕೆ ಓಣಿಗೆಲ್ಲ ಸಕ್ಕರೆ ಹಂಚಿದ್ದಳಂತೆ. ಇದನ್ನು ಹಾಸ್ಯವೆಂದು ಹೇಗೆ ಬರೆಯಲಿ? ಬರೆದುಬಿಟ್ಟಿದ್ದೇನೆ, ಇರಲಿ.

ಕಡೆಗೆ ಹಾಸ್ಟೆಲ್ಲಿನ ವಾರ್ಡನ್ ಬಾಯಿಯವರ ಫೋನು. "ಆಫೀಸಿನ ಪತ್ರ ಹುಡುಕಾಕ ನಿಮ್ಮ ರೊಟ್ಟಿ ಸರಿಸಿ ಸರಿಸಿ ಸಾಕಾತ್ರಿ. ನಿಮ್ಮ ಇಮೇಲ್ ಬಂದ್ ಮಾಡೇನಿ. ಮುಂದಿನ ವಾರದಿಂದ ರೊಟ್ಟಿನೂ ಬಂದ್."

ಒಲೆಯ ಮುಂದಿನ ಆರೂ ಮಂದಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಎಲ್ಲರಿಗಿಂತ ಹಿರಿಯಳು ಮೆಲ್ಲಗೆ ಅಂದಳು: "ಯಕ್ಕಾ, ಮಷಿನ್ ರೊಟ್ಟಿ ನಮ್ಮ ಹೊಟ್ಟಿ ಮ್ಯಾಲ ಹೊಡೀತೈತಿ ಅಂತಿದ್ದಿ. ಅದಿನ್ನೂ ಹೊಡದಿಲ್ಲ ನೋಡು. ನೀನ ಮೊದಲಾದಿ."

ತಪ್ಪಾಯಿತು

ಎಲ್ಲರ ಕ್ಷಮೆ ಕೇಳಲೇಬೇಕು ಎಂದೆ. ಟೈ ಕಟ್ಟಿದವರು ಖುಷಿಯಾದರು. "ಕೇಳೋಣಲ್ರಿ! ಎಲ್ಲಾರಿಗೂ ಇನ್ನೊಂದು ಇಮೇಲ್ ಕಳಸೂಣು."

ಕೆಸರು ತೊಳೆಯಲಿಕ್ಕೆ ಕೆಸರು. ಬೇರೆ ದಾರಿಯೂ ಇರಲಿಲ್ಲ, ಆ ಮನೆಗಳು ಯಾವುವೆಂದು ನನಗೇನು ಗೊತ್ತು? ಆದರೆ ಪತ್ರ ನಾನೇ ಬರೆದೆ:

'ನಾನೊಬ್ಬ ಹೆಣ್ಣುಮಗಳು. ಇಪ್ಪತ್ತು ವರ್ಷ ರೊಟ್ಟಿ ಬಡಿದು ಬದುಕಿದವಳು. ನೀವು ಕರೆಯದೆ ನಿಮ್ಮ ಮನೆಯೊಳಗೆ ಬಂದೆ. ಆಸೆಗೆ ಬಿದ್ದು ಬಂದೆ. ತಪ್ಪಾಯಿತು. ಇನ್ನೊಮ್ಮೆ ಬರುವುದಿಲ್ಲ.'

ಟೈ ಕಟ್ಟಿದವರು ಎರಡು ಸಲ ಓದಿ, "ಭಾಳ ಚಲೋ ಬರದೀರಿ ಅಕ್ಕಾರ," ಎಂದು ತಮ್ಮ ಫೋನಿನಲ್ಲಿ ಇಟ್ಟುಕೊಂಡರು. ಮೆಚ್ಚಿಕೊಂಡರು ಎಂದು ತಿಳಿದೆ ನಾನು. ಹೆಡ್ಡಿ.

ವಾರ್ಡನ್ ಬಾಯಿಯವರ ಕಡೆ ಇಮೇಲ್ ಹೋಗುವಂತಿರಲಿಲ್ಲ. ಅದನ್ನೇ ಕಾಗದದ ಮೇಲೆ ಬರೆದುಕೊಂಡು ಹಾನಗಲ್ಲಿಗೆ ಹೋಗಿ ಬಾಗಿಲ ಹೊರಗೆ ನಿಂತೆ. ಒಳಗೆ ಬರ್ರಿ ಅನ್ನುವ ತನಕ ಹೊಸ್ತಿಲು ದಾಟಲಿಲ್ಲ. ಓದಿದರು. "ಅರ್ಧ ಆರ್ಡರ್ ಕೊಡ್ತೇನಿ. ಉಳಿದರ್ಧ ನಿಮ್ಮ ನಡತಿ ನೋಡಿ," ಎಂದರು. ನಡತೆ! ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಯಾರೂ ಎತ್ತಿ ಆಡದ ಮಾತು. ಒಂದು ಗುಂಡಿ ಒತ್ತಿದ್ದಕ್ಕೆ ಕೇಳಿಸಿಕೊಂಡು ಬಂದೆ. ಇದ್ದಷ್ಟು ಕೆಲಸಕ್ಕೆ ಆರೂ ಮಂದಿ ಸರದಿಯ ಮೇಲೆ ಬರತೊಡಗಿದರು.

ತಿಂಗಳೊಪ್ಪತ್ತಿನ ಮೇಲೆ ನನಗೊಂದು ಇಮೇಲ್ ಬಂತು. ಹಿರೇಕೆರೂರಿನ ಕಡೆಯ ಬೋರ್‌ವೆಲ್ ಕೊರೆಯುವವರದು. ತೆರೆದೆ.

'ನಾನೊಬ್ಬ ಹೆಣ್ಣುಮಗಳು. ಇಪ್ಪತ್ತು ವರ್ಷ ರೊಟ್ಟಿ ಬಡಿದು ಬದುಕಿದವಳು...'

ಅಕ್ಷರ ಅಕ್ಷರ ನನ್ನದು. ಕೊನೆಗೆ ಮಾತ್ರ ಬೋರ್‌ವೆಲ್ಲಿನ ಹೆಸರು, ಫೋನು. ಆ ನಂಬರಿಗೆ ಫೋನು ಹಚ್ಚಿದೆ. ಗೊಗ್ಗರು ಗಂಡು ಧ್ವನಿ: "ಹಲೋ, ಬೋರ್‌ವೆಲ್!"

"ರೊಟ್ಟಿ ಬಡದು ಬದುಕಿದಾಕಿ ನೀವೇನ್ರಿ?"

ಆ ಕಡೆಯವರು ನಿಟ್ಟುಸಿರು ಬಿಟ್ಟರು. "ಟೈ ಕಟ್ಟಿದ ಸಾಹೇಬ್ರು ಬಂದಿದ್ರು ರೀ. ಜಾಹೀರಾತು ಈಗ ಯಾರೂ ಓದಂಗಿಲ್ಲ, ಕ್ಷಮಾ ಕೇಳಿದ್ರ ಓದ್ತಾರ ಅಂದ್ರು. ನಾವ ಅದಕ್ಕಿಂತ ಮೊದಲ ಯಾರಿಗೂ ಏನೂ ಕಳಿಸಿರ್ಲಿಲ್ರಿ. ಸೀದಾ ಕ್ಷಮಾನ ಕಳಿಸಿದ್ವಿ."

ಬೈಯಲಿಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಅಳುವ ದನಿಯಲ್ಲಿ ಅಂದರು: "ಅಕ್ಕಾರ, ಅದು ಹೋದಾಗಿಂದ ಬೋರ್ ಕೊರಸಾಕ ಒಬ್ಬಾಂವ ಕೇಳಿಲ್ರಿ. ದಿನಾ ರೊಟ್ಟಿ ಬೇಕಂತ ಫೋನ್ ಬರಾಕತ್ತಾವ. ಬಿಳಿಜ್ವಾಳದ್ದೋ ಸಜ್ಜಿದೋ ಅಂತ ಕೇಳ್ತಾರ. ನಾ ಏನ್ ಹೇಳ್ಲಿ?"

ನನ್ನ ಹಿಂದೆ ಎರಡು ಒಲೆ ತಣ್ಣಗಿದ್ದವು.

"ಬಿಳಿಜ್ವಾಳದ್ದು ಅನ್ರಿ," ಎಂದೆ. "ಅವರ ವಿಳಾಸ ಬರ್ಕೊಳ್ರಿ. ತಾವಾಗಿ ಕೊಟ್ಟವರದು ಅಷ್ಟ."