ಖಾಲಿ ತಾಟಿನ ಸಮಾಜಶಾಸ್ತ್ರ

ನಾನು ಸಮಾಜಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಲೇಜಿನಲ್ಲಿ ನಾನು ಓದಿದ್ದು ಕಾಮರ್ಸು. ಅದನ್ನು ಓದಿದೆ ಅಂದರೆ ಕಾಮರ್ಸಿಗೇ ಬೇಜಾರಾದೀತು. ಸಮಾಜಶಾಸ್ತ್ರ ನನಗೆ ಸಿಕ್ಕಿದ್ದು ಫೋನಿನಲ್ಲಿ, ಅದೂ ಕೈತಪ್ಪಿನಿಂದ. ಹೆಸರುಕಾಳಿನ ಬೆಳೆಗೆ ಹುಳ ಬಿದ್ದಿತ್ತು, ಯಾವ ಔಷಧ ಹೊಡೆಯಬೇಕು ಎಂದು ಹುಡುಕುತ್ತ ಕೂತಿದ್ದೆ. ಬೆರಳು ಎಲ್ಲಿ ತಾಗಿತೋ ಏನೋ, ಕನ್ನಡಕದ ಮೇಷ್ಟ್ರೊಬ್ಬರು ಪರದೆಯ ಮೇಲೆ ಬಂದು, ದಿನನಿತ್ಯದ ಬದುಕಿಗೆ ಒಂದು ವ್ಯವಸ್ಥೆ ಇದೆ, ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ ಎಂದು ಶುರುಮಾಡಿದರು. ಸಾಲಿನಲ್ಲಿ ನಿಲ್ಲುವುದು, ಎದುರು ಬಂದವರಿಗೆ ನಗುವುದು, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತಾಡುವುದು, ಇವೆಲ್ಲ ತಾನಾಗಿ ನಡೆಯುವುದಿಲ್ಲವಂತೆ. ನಾವೇ ದಿನವೂ ಕೂಡಿ ನಡೆಸುತ್ತೇವಂತೆ. ಅದು ಕಣ್ಣಿಗೆ ಕಾಣಬೇಕೆಂದರೆ ಒಂದು ಸಣ್ಣ ನಿಯಮ ಮುರಿದು, ಜನ ಏನು ಮಾಡುತ್ತಾರೆ ಎಂದು ನೋಡಬೇಕಂತೆ. ನನಗೆ ಮೈ ಜುಮ್ಮೆಂದಿತು. ಹುಳ ಹೆಸರು ತಿಂದು ಮುಗಿಸಿತು. ನಾನು ಸಮಾಜಶಾಸ್ತ್ರದಲ್ಲಿ ಮುಂದುವರಿದೆ.

ಮೊದಲ ಪ್ರಯೋಗ ಓಣಿಯಲ್ಲೇ ಆಯಿತು. ನಮ್ಮ ಯರಗುಪ್ಪಿಯಲ್ಲಿ ಮನೆಯಿಂದ ಹೊರಬಿದ್ದವನನ್ನು ಕಟ್ಟೆಯ ಮೇಲೆ ಕೂತ ಹಿರಿಯರು "ಎತ್ತ ಹೊಂಟ್ಯೋ ತಮ್ಮಾ?" ಎಂದು ಕೇಳುತ್ತಾರೆ. ಅದು ಪ್ರಶ್ನೆಯಲ್ಲ, ನಮಸ್ಕಾರದ ಒಂದು ಜಾತಿ. "ಇಲ್ಲೇ, ಹಿಂಗ" ಎಂದು ಗಾಳಿಯಲ್ಲಿ ಕೈ ತಿರುಗಿಸಿದರೆ ಮುಗಿಯಿತು. ನಾನು ಅವತ್ತು ನಿಂತು, ನಿಯಮ ಮುರಿದು, ಪೂರ್ಣ ಉತ್ತರ ಕೊಟ್ಟೆ. "ಸಂಡಾಸಕ್ಕ ಹೊಂಟೀನ್ರಿ ಅಜ್ಜಾ. ನಿನ್ನಿಯಿಂದ ಹೊಟ್ಟಿ ಸರಿ ಇಲ್ಲ. ಮುಂಜಾನೆ ಒಮ್ಮೆ ಹೋಗಿ ಬಂದೀನಿ, ಈಗ ಮತ್ತ ಅವಸರ ಆಗೇತ್ರಿ." ನನ್ನ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಿತ್ತು. ಅಜ್ಜ ಗಾಬರಿಯಾಗುತ್ತಾನೆ, ನಾನು ನೋಡಿ ಆನಂದಿಸುತ್ತೇನೆ ಎಂಬುದು ಲೆಕ್ಕಾಚಾರ. ಅಜ್ಜ ಸರಿದು ಜಾಗ ಕೊಟ್ಟ. "ಬಾ ಕುಂದರು. ನಂದೂ ಹಂಗ ಆಗಿತ್ತು" ಎಂದು ತನ್ನ ಹೊಟ್ಟೆಯ ಚರಿತ್ರೆಯನ್ನು ಮದುವೆಗಿಂತ ಹಿಂದಿನಿಂದ ತೆಗೆದ. ನಿಜವಾಗಿ ಅವಸರವಿದ್ದ ಮನುಷ್ಯ ಅಲ್ಲೇ ಮುಗಿದುಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿ, ಮನೆಗೆ ಮೂರು ಕಡೆಯಿಂದ ಓಂಕಾಳು ಹಾಕಿದ ಮಜ್ಜಿಗೆ ಬಂತು. ಅವ್ವ ಮೂರನ್ನೂ ಎದುರಿಗೆ ನಿಂತು ಕುಡಿಸಿದಳು. ಸಂಜೆಯಷ್ಟರಲ್ಲಿ ನನ್ನ ಸುಳ್ಳು ನಿಜವಾಯಿತು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನನಗೆ ಶಾಸ್ತ್ರದ ಹುಚ್ಚು ಹಿಡಿದಿತ್ತು.

ಶ್ರಾವಣದಲ್ಲಿ ನಾಗರಪಂಚಮಿಗೆ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಾಲ್ಕಾರು ಬಗೆ ಪಲ್ಯ, ಚಟ್ನಿ ಎಲ್ಲ ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಕಳಿಸುತ್ತಾರೆ. ಹೀಗೆ ಬಂದ ತಾಟನ್ನು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಅದರಲ್ಲಿ ಇರಬೇಕು. ಯಾರು ಹೇಳಿದರು? ಯಾರೂ ಇಲ್ಲ. ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಕನ್ನಡಕದ ಮೇಷ್ಟ್ರು ಕಿವಿಯಲ್ಲಿ ಪಿಸುಗುಟ್ಟಿದ ಹಾಗಾಯಿತು.

ಪಕ್ಕದ ಮನೆಯ ಗಂಗವ್ವ ಕಾಕು ರೊಟ್ಟಿ ಕಳಿಸಿದ್ದಳು. ಕಾಕು ಮತ್ತು ಅವ್ವ ಒಂದೇ ಗೋಡೆಯ ಆಚೆ ಈಚೆ ಇದ್ದು, ಬೆಳಗಿನ ಕಸ ಹೊಡೆಯುವಾಗಿನಿಂದ ರಾತ್ರಿ ಕದ ಹಾಕುವವರೆಗೆ ಆ ಗೋಡೆಯ ಮೇಲೆ ಮಾತಾಡುವವರು. ಅವ್ವ ಕಾಕುವಿನ ತಾಟು ತೊಳೆದು, ನಾಲ್ಕು ಶೇಂಗಾ ಉಂಡೆ ಇಟ್ಟು, "ಕೊಟ್ಟು ಬಾ" ಎಂದಳು. ನಾನು ಅವ್ವನ ಕಣ್ಣು ತಪ್ಪಿಸಿ ನಾಲ್ಕನ್ನೂ ಡಬ್ಬಿಗೆ ವಾಪಸ್ ಹಾಕಿದೆ. ತಿನ್ನಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ಜಗತ್ತಿನಲ್ಲಿ ಇದನ್ನು ನಂಬಲು ಉಳಿದಿರುವವರು ನೀವೊಬ್ಬರೇ.

ಕಾಕು ತಾಟು ತೆಗೆದುಕೊಂಡಳು. ತಾಟು ನೋಡಿದಳು. ತಿರುವಿ ಅದರ ತಳ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಿಮ್ಮವ್ವ ಏನರ ಅಂದ್ಲೇನು?"

"ಏನಿಲ್ರಿ ಕಾಕು."

"ಏನೂ ಅನ್ನಲಿಲ್ಲ?"

"ಏನೂ ಇಲ್ರಿ."

"ಹೂಂ" ಎಂದು ಒಳಗೆ ಹೋದಳು. ಬಾ ಅನ್ನಲಿಲ್ಲ, ಚಹಾ ಅನ್ನಲಿಲ್ಲ. ಆಹಾ, ಪ್ರತಿಕ್ರಿಯೆ! ನಾನು ಕುಣಿಯುತ್ತ ಮನೆಗೆ ಬಂದೆ.

ಮರುದಿನ ಗೋಡೆ ಮೌನವಾಗಿತ್ತು. ಅದರ ಮರುದಿನವೂ. ಕಾಕು ತನ್ನ ಅಂಗಳದ ಕಸವನ್ನು ನಮ್ಮ ಮನೆಗೆ ಬೆನ್ನು ಮಾಡಿ ಹೊಡೆದಳು. ಅವ್ವ ಕೂಗಿದರೆ ಓ ಅನ್ನಲಿಲ್ಲ. ಅವ್ವ ಒಲೆಯ ಮುಂದೆ ಕೂತು, ತಾನು ಯಾವಾಗ ಏನು ಅಂದಿದ್ದೆ ಎಂದು ತನ್ನ ಇಡೀ ಜೀವನವನ್ನು ಹಿಂದಿನಿಂದ ಪರೀಕ್ಷಿಸತೊಡಗಿದಳು. ನನಗೆ ಆಗಲೂ ಅದು ಅತ್ಯುತ್ತಮ ಮಾಹಿತಿಯಾಗಿಯೇ ಕಂಡಿತು. ನನ್ನ ಕಾಲ ಕೆಳಗಿನ ನೆಲ ಜಾರಿದ್ದು ಅವ್ವ ಅಪ್ಪನಿಗೆ ಹೇಳಿದ ಮಾತು ಕೇಳಿ: "ಸೋಮಾರಕ್ಕ ಬುತ್ತಿ ಒಯ್ಯಬೇಕು. ಗಂಗವ್ವ ಬರಲಿಲ್ಲಂದ್ರ ಅಷ್ಟು ರೊಟ್ಟಿ ನಾ ಒಬ್ಬಾಕಿ ಹೆಂಗ ಬಡೀಲಿ?"

ಬುತ್ತಿ ಅಂದರೆ ಅಕ್ಕನ ಕುಬಸದ್ದು. ಬೇರೆ ಕಡೆ ಸೀಮಂತ ಅನ್ನುತ್ತಾರಲ್ಲ, ಅದೇ. ಅಕ್ಕನನ್ನು ಕಲಘಟಗಿಗೆ ಕೊಟ್ಟಿದ್ದೇವೆ. ಕುಬಸಕ್ಕೆ ತವರಿನವರು ಬುಟ್ಟಿಗಟ್ಟಲೆ ರೊಟ್ಟಿ, ಚಟ್ನಿ, ಉಂಡೆ ಹೊತ್ತು ಹೋಗಬೇಕು. ಅದನ್ನು ಬೀಗರ ಓಣಿಯ ಮನೆಮನೆಗೂ ಹಂಚುತ್ತಾರೆ. ರೊಟ್ಟಿ ದಪ್ಪವಾದರೆ, ಕಡಿಮೆಬಿದ್ದರೆ, ಅಕ್ಕ ಅದನ್ನು ಮುದುಕಿಯಾಗುವವರೆಗೆ ಕೇಳಬೇಕು. ನಮ್ಮ ಓಣಿಯಲ್ಲಿ ಹಪ್ಪಳದಷ್ಟು ತೆಳ್ಳಗೆ ಬಡಿಯುವುದು ಗಂಗವ್ವ ಕಾಕುವಿನ ಕೈ ಮಾತ್ರ.

ಕಾಕುವನ್ನು ಕರೆಯಲು ಅವ್ವ ನನ್ನನ್ನೇ ಕಳಿಸಿದಳು. "ಕೈ ನೋಯಾಕತ್ತಾವ ಅಂತ ಹೇಳು" ಎಂದಳು ಕಾಕು, ಎರಡು ಕೈಯಿಂದ ಕಂಬಳಿ ಕೊಡವುತ್ತ.

ಅದನ್ನು ಹೇಳಿದೆ. ಅವ್ವ ಸೆರಗು ಸಿಕ್ಕಿಸಿಕೊಂಡು ಗೋಡೆಗೆ ಬಂದಳು. "ಗಂಗವ್ವಾ, ನಿನ್ನ ಹೊಸಾ ಸೀರಿ ಗೋಣಿಚೀಲದಂಗ ಐತಿ ಅಂತ ನಾ ಅಂದಿದ್ದು ಖರೆ. ಯಾರು ಹೇಳಿದ್ರೋ ಏನೋ. ಅದಕ್ಕ ಮಾತ ಬಿಡೂದೇನು?"

ಕಾಕುವಿನ ಕಂಬಳಿ ಕೆಳಗೆ ಬಿತ್ತು. "ಗೋಣಿಚೀಲ ಅಂದ್ಯಾ?"

"ನಿನಗ ಗೊತ್ತಿಲ್ಲೇನು?"

"ನನಗೇನ್ ಗೊತ್ತು! ನಾ ನಿಮ್ಮ ಹಿತ್ತಲದಾಗಿಂದ ಕರಿಬೇವು ಹರಕೊಂಡಿದ್ದು ನಿನಗ ಗೊತ್ತಾತು, ಅದಕ್ಕ ಬರೇ ತಾಟ ಕಳಿಸಿದಿ ಅಂತ ತಿಳಕೊಂಡೆ."

"ಕರಿಬೇವು ನೀ ಹರೀತಿದ್ಯಾ? ನಾ ಹುಳ ತಿನ್ನಾಕತ್ತಾವಂತ ಗಿಡಕ್ಕ ಬೂದಿ ಹಾಕಾಕತ್ತೀನಿ!"

ಒಂದು ಖಾಲಿ ತಾಟು ಇಷ್ಟೆಲ್ಲ ಹೊರಗೆ ಹಾಕಬಲ್ಲದು ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ನಾನು ಮೆಲ್ಲಗೆ ಹಿಂದೆ ಸರಿಯುತ್ತಿದ್ದೆ. ಅಷ್ಟರಲ್ಲಿ ಅವ್ವನಿಗೆ ಆ ಮಾತು ತಟ್ಟಿತು. "ತಡಿ. ಬರೇ ತಾಟ? ನಾಲ್ಕು ಉಂಡಿ ಇಟ್ಟು ಕಳಿಸೀನಲ್ಲ?"

ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು.

ನಾನು ಎದೆಯುಬ್ಬಿಸಿ ಎಲ್ಲವನ್ನೂ ವಿವರಿಸಿದೆ. ಬರೆಯದ ನಿಯಮಗಳು, ಅವುಗಳ ಮೇಲೆ ನಿಂತ ಸಮಾಜ, ಅದನ್ನು ಅಲುಗಾಡಿಸಿ ನೋಡುವ ಪ್ರಯೋಗ. ಬಹಳ ಚೆನ್ನಾಗಿ ಮಾತಾಡಿದೆನೆಂದು ನನಗೆ ಈಗಲೂ ಅನ್ನಿಸುತ್ತದೆ. ಮುಗಿದ ಮೇಲೆ ಕಾಕು ಅವ್ವನಿಗೆ ಹೇಳಿದಳು:

"ಅಂದ್ರ ದಾರ್ಯಾಗ ತಿಂದಾನ."

"ಇಲ್ರಿ ಕಾಕು! ಡಬ್ಬಿಯಾಗ ಅದಾವು, ಬೇಕಾದ್ರ ತಂದು ತೋರಸ್ತೀನಿ!" ಎಂದು ಒಳಗೆ ಓಡಿ ಡಬ್ಬಿ ತಂದೆ. ಇಬ್ಬರ ನಡುವೆ, ಗೋಡೆಯ ಮೇಲಿಟ್ಟು ಮುಚ್ಚಳ ತೆಗೆದೆ. ಒಳಗೆ ಒಂದಿಷ್ಟು ಬೆಲ್ಲದ ಪುಡಿ ಇತ್ತು. ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದ. ಅವನ ಮೀಸೆಯಲ್ಲಿ ಶೇಂಗಾದ ಚೂರು ನನಗೊಬ್ಬನಿಗೇ ಕಂಡಿತು.

"ಎಲ್ಲಾ ತಿಂದು, ಮ್ಯಾಲ ಶಾಸ್ತ್ರ ಹೇಳಾಕತ್ತಾನ ನೋಡು" ಎಂದಳು ಅವ್ವ. ಕಾಕುವಿಗೆ ನಗೆ ತಡೆಯಲಿಲ್ಲ. ಅವ್ವನಿಗೂ ಬಂತು. ಇಬ್ಬರೂ ಗೋಡೆ ಹಿಡಿದು ನಕ್ಕರು. ಗೋಣಿಚೀಲ, ಕರಿಬೇವು ಎರಡೂ ಆ ನಗೆಯಲ್ಲಿ ಕೊಚ್ಚಿಹೋದವು. ನಾನು ಅಪ್ಪನ ಹೆಸರು ಹೇಳಲು ಬಾಯಿ ತೆರೆದೆ. ಆದರೆ ಅವರಿಬ್ಬರಿಗೂ ಆಗ ಬೇಕಾಗಿದ್ದದ್ದು ಒಬ್ಬ ಹೊಟ್ಟೆಬಾಕ. ಅವನು ಸಿಕ್ಕಿದ ಮೇಲೆ ಇಬ್ಬರಲ್ಲಿ ಯಾರೂ ತಪ್ಪಿತಸ್ಥರಲ್ಲ. ಬಾಯಿ ಮುಚ್ಚಿಕೊಂಡೆ. ಕಾಕು ಮರುದಿನ ನಸುಕಿನಲ್ಲೇ ಬಂದು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಳು. ಓಣಿಯೆಲ್ಲ ಕೇಳುವಂತೆ ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಇಬ್ಬರ ಮಾತು.

ಸೋಮವಾರ ಕಲಘಟಗಿಗೆ ಹೋಗುವಾಗ ಬಸ್ಸಿನಲ್ಲಿ ರೊಟ್ಟಿಯ ಬುಟ್ಟಿಗಳನ್ನೆಲ್ಲ ಅವ್ವ ಮತ್ತು ಕಾಕು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನನ್ನನ್ನು ಡ್ರೈವರನ ಹತ್ತಿರದ ಸೀಟಿಗೆ ಕಳಿಸಿದರು. ಉಂಡೆಯ ಬುಟ್ಟಿ ಕಾಯುವ ಕೆಲಸ ಅಪ್ಪನದಾಯಿತು. ಅವನಷ್ಟು ನಂಬಿಕಸ್ಥರು ಯಾರಿದ್ದಾರೆ? ರೊಟ್ಟಿ ಬೀಗರ ಓಣಿಯಲ್ಲಿ ಹೆಸರಾಯಿತು, ಅಕ್ಕನ ಮುಖ ಅರಳಿತು. ಅಕ್ಕನ ಅತ್ತೆ ಮಾತ್ರ ನನ್ನ ಎಲೆಗೆ ಎರಡೆರಡು ಸಲ ಬಡಿಸಿ, "ನಾಚಿಕೋಬ್ಯಾಡ್ರಿ, ಎಲ್ಲಾ ಕೇಳೀನಿ" ಎಂದಳು.

ನಾನು ಒಂದು ನಿಯಮ ಮುರಿದರೆ ಊರು ನನ್ನೊಬ್ಬನಿಗಾಗಿಯೇ ಹೊಸದೊಂದನ್ನು ಮಾಡಿಕೊಂಡಿದೆ. ಈಗ ಯಾರ ಮನೆಯಿಂದಲಾದರೂ ನನ್ನ ಕೈಯಲ್ಲಿ ತಾಟು ಕಳಿಸಿದರೆ ಅದಕ್ಕೆ ಬಟ್ಟೆ ಸುತ್ತಿ ಗಂಟು ಬಿಗಿಯುತ್ತಾರೆ. ಯಾರೂ ಹೇಳಿಲ್ಲ, ಎಲ್ಲೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಹೇಗೂ ಹೆಸರು ಬಂದಾಗಿದೆಯಲ್ಲ ಎಂದು ನಾನೂ ಸಂಶೋಧನೆಯ ದಿಕ್ಕು ಬದಲಿಸಿದ್ದೇನೆ. ಕಾಕುವಿನ ಗಂಟು ಬಲಕ್ಕೆ ಎಳೆದರೆ ಬಿಚ್ಚುತ್ತದೆ. ಅವ್ವನದು ಇನ್ನೂ ಬಗೆಹರಿದಿಲ್ಲ. ಈ ವಿಷಯದಲ್ಲಿ ಅಪ್ಪ ನನಗೆ ಗುಟ್ಟಾಗಿ ಮಾರ್ಗದರ್ಶನ ಮಾಡುತ್ತಿದ್ದಾನೆ.