ವೈನರಿಗೆ ಬಂದ ಮೂಗು

ದ್ರಾಕ್ಷಿ ಹುಳಿಯುವ ಜಾಗದಲ್ಲಿ ಮನುಷ್ಯರೂ ನೆಟ್ಟಗಿರುವುದು ಕಷ್ಟವೇನೋ, ಟೇಕಲ್ ಹತ್ತಿರದ ನಮ್ಮ ವೈನರಿಯಲ್ಲಿ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಈ ಸಲ ಮಾತ್ರ ಯಾರಿಗೂ ನಗುವ ಮನಸ್ಸಿರಲಿಲ್ಲ. ಜಗತ್ತಿನಲ್ಲೆಲ್ಲ ಈಗಿನ ಹುಡುಗರು ವೈನ್ ಕುಡಿಯುವುದನ್ನು ಕಡಿಮೆ ಮಾಡಿದ್ದಾರಂತೆ. ನಮ್ಮ ಪೀಪಾಯಿಗಳು ತುಂಬಿಯೇ ಕೂತಿದ್ದವು. ಫ್ರಾನ್ಸಿನಿಂದ ಬರುವ ವ್ಯಾಪಾರಿ ಕೈಹಿಡಿಯದಿದ್ದರೆ ಬಾಗಿಲು ಮುಚ್ಚುವುದೇ ಎಂದು ಯಜಮಾನರು ಹೇಳಿದ್ದರು.

ಬಕೆಟ್ಟು

ವ್ಯಾಪಾರಿ ಬಂದರು. ಮೊದಲ ಗುಟುಕನ್ನು ಮುಕ್ಕಳಿಸಿ ಬಕೆಟ್ಟಿಗೆ ಉಗುಳಿದರು. ನಮಗೆ ದ್ರಾಕ್ಷಿ ಕೊಡುವ ಮುಳಬಾಗಿಲಿನ ರೈತರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ಆಯ್ತು ಬಿಡು ಸಾಮಿ. ನಾಳೇನೇ ಬಳ್ಳಿ ಕಿತ್ತು ಟೊಮೆಟೊ ಹಾಕ್ತೀನಿ," ಅಂದರು.

"ರುಚಿ ನೋಡೋರು ನುಂಗಲ್ಲ ಕಣಣ್ಣ. ಎಲ್ಲಾ ನುಂಗಿದ್ರೆ ಕೊನೇ ಲೋಟಕ್ಕೆ ನಾಲಿಗೆ ಎಲ್ಲಿರುತ್ತೆ?" ಎಂದು ಸಮಾಧಾನ ಮಾಡಿದೆ.

ಅವರು ಬಕೆಟ್ಟನ್ನೇ ನೋಡುತ್ತ, "ನಮ್ಮೂರಲ್ಲಿ ಒಬ್ಬ ಅವ್ನೆ. ಅವನಿಗೆ ಈ ಕೆಲಸ ಕೊಟ್ರೆ ಬಕೆಟ್ಟಿನ ಖರ್ಚು ಉಳೀತದೆ," ಅಂದರು.

ನೀಲಗಿರಿ

ಎರಡನೇ ಲೋಟಕ್ಕೆ ವ್ಯಾಪಾರಿ ಕಣ್ಣು ಮುಚ್ಚಿದರು. "ಈ ದ್ರಾಕ್ಷಿ ಬೆಳೆದ ತೋಟದ ಪಕ್ಕ ನೀಲಗಿರಿ ಮರಗಳಿವೆಯಾ?" ಎಂದು ಕೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವಾಗ ನನ್ನ ಮೈ ಜುಮ್ಮೆಂದಿತು. ಮುಳಬಾಗಿಲನ್ನೇ ನೋಡದ ಮನುಷ್ಯ ಒಂದು ಗುಟುಕಿನಲ್ಲಿ ಬದುವಿನ ಮರ ಹಿಡಿದುಬಿಟ್ಟಿದ್ದರು.

ರೈತರು ಕೈಮುಗಿದರು. "ಐತೆ ಸಾಮಿ, ಪಡುವಣ ಬದುವಿನ ಉದ್ದಕ್ಕೂ ಐತೆ. ಹಂಗೇ ಬೋರ್ ಎಲ್ಲಿ ಕೊರೆಸಿದ್ರೆ ನೀರು ಬೀಳುತ್ತೆ ಅಂತಾನೂ ಹೇಳಿಬಿಡಿ."

ಅಮಲು ತೆಗೆಯುವ ಮಿಷನ್

ಮುಂದಿನ ಕಾಲವೆಲ್ಲ ಅಮಲು ತೆಗೆದ ವೈನಿನದು, ಅದಕ್ಕೆಂದೇ ದೊಡ್ಡ ಮಿಷನ್ ಬಂದಿದೆ ಎಂದು ವ್ಯಾಪಾರಿ ವಿವರಿಸಿದರು. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದೆವು. ಯಜಮಾನರ ತಾಯಿ, ನಮಗೆಲ್ಲ ದೊಡ್ಡಮ್ಮ, ನನ್ನನ್ನು ಪಕ್ಕಕ್ಕೆ ಕರೆದರು.

"ತಿಂಗಳುಗಟ್ಟಲೆ ಕಾದು ಅಮಲು ಬರಿಸ್ತೀರಿ. ಆಮೇಲೆ ಮಿಷನ್ ಇಟ್ಟು ತೆಗೀತೀರಾ?"

"ಹೌದು ದೊಡ್ಡಮ್ಮ."

"ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಅಂದ್ರೆ ಇದೇ ಕಣಪ್ಪ," ಎಂದು ಅಡುಗೆಮನೆಗೆ ಹೋದರು.

ಯಾವ ವರ್ಷದ್ದು?

ಬೆಳಗಿನಿಂದ ಉಗುಳುತ್ತಲೇ ಇದ್ದಾರೆ, ಪಾಪ, ಹೊಟ್ಟೆಗೆ ಏನೂ ಸೇರಿಲ್ಲ ಎಂದು ದೊಡ್ಡಮ್ಮನಿಗೆ ಕನಿಕರ. ಅದೇ ದ್ರಾಕ್ಷಿಯ ಪಾನಕ ತಂದುಕೊಟ್ಟರು. ನಾನು ಅಭ್ಯಾಸಬಲದಿಂದ ಬಕೆಟ್ ಹಿಡಿದೆ. ವ್ಯಾಪಾರಿ ಬಕೆಟ್ಟನ್ನು ತಳ್ಳಿ ಗುಟಕ್ಕನೆ ನುಂಗಿದರು.

"ಇದು ಯಾವ ವರ್ಷದ್ದು?" ಎಂದು ವೈನಿಗೆ ಕೇಳುವ ಹಾಗೆಯೇ ಕೇಳಿದರು.

"ಇವತ್ತು ಬೆಳಿಗ್ಗೆದು," ಅಂದರು ದೊಡ್ಡಮ್ಮ.

ವ್ಯಾಪಾರಿ ಇನ್ನೊಂದು ಗುಟುಕು ಕುಡಿದು, ಮೆಣಸು, ಶುಂಠಿ, ಏಲಕ್ಕಿ ಎಂದು ಸರಿಯಾಗಿ ಹೇಳಿದರು. ಆಮೇಲೆ ತಡೆದು, "ಇನ್ನೂ ಏನೋ ಒಂದಿದೆ, ಬಹಳ ಗಾಢವಾದದ್ದು. ನನ್ನ ಜೀವಮಾನದಲ್ಲಿ ಕಂಡಿಲ್ಲ," ಅಂದರು.

ದೊಡ್ಡಮ್ಮನ ಮುಖ ಚಿಕ್ಕದಾಯಿತು. "ಅಬ್ಬ, ಏನು ಮೂಗಪ್ಪ ಇವರದು," ಎಂದು ನನ್ನ ಕಿವಿಯಲ್ಲಿ ಉಸುರಿದರು. "ಇಂಗು ಕಣೋ. ಸಾರಿನ ಪಾತ್ರೇಲಿ ಮಾಡ್ಬಿಟ್ಟೆ."

ವೈನ್ ಬೇಡ, ಈ ಪಾನಕವನ್ನೇ ಕಳಿಸಿ ಎಂದು ವ್ಯಾಪಾರಿ ಆರ್ಡರ್ ಕೊಟ್ಟರು. ರುಚಿ ಒಂದಿಷ್ಟೂ ಬದಲಾಗಬಾರದೆಂಬುದು ಅವರ ಷರತ್ತು. ಬಾಗಿಲು ಮುಚ್ಚಲಿಲ್ಲ, ಮುಳಬಾಗಿಲಿನ ಬಳ್ಳಿಯೂ ಉಳಿಯಿತು. ಈಗ ನಮ್ಮ ವೈನರಿಯಲ್ಲಿ ದ್ರಾಕ್ಷಿ ಹಿಂಡುವ ಮೊದಲು ದಿನಾ ಸಾರು ಕುದಿಯುತ್ತದೆ.